ಹನ್ನೆರಡು ಬಟ್ಟಲಿನ ಯಂತ್ರ

ನಾನು ಅಧ್ಯಕ್ಷೆಯಾದದ್ದು ಯೋಗ್ಯತೆಯಿಂದಲ್ಲ, ನಮ್ಮ ಮನೆಯ ಜಗುಲಿಯಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಆಮೇಲೆ ಯಾರೂ ನನ್ನ ಬಗ್ಗೆ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುವುದು ಬೇಡ.

ಎಪ್ಪತ್ತರ ದಶಕದ ನಡುವಿನ ಮಾತು. ಬಿ.ಎಸ್ಸಿ. ಮುಗಿಸಿ ಮಂಡ್ಯದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿದ್ದೆ. ಮನೆ ಮದ್ದೂರಿನಲ್ಲಿ, ದಿನಾ ಬಸ್ಸು. ಆಗ ಸುತ್ತಮುತ್ತ ಲ್ಯಾಬುಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಪರೀಕ್ಷಿಸುವವರು, ಆಸ್ಪತ್ರೆಯಲ್ಲಿ ರಕ್ತ ನೋಡುವವರು, ಕಾಲೇಜಿನ ಲ್ಯಾಬಿನಲ್ಲಿ ಸೀಸೆ ತೊಳೆದು ಜೋಡಿಸುವವರು, ಒಟ್ಟು ಹದಿಮೂರು ಜನ. ಸಂಬಳ, ಬಡ್ತಿ, ಮುಷ್ಕರ ಯಾವುದೂ ನಮ್ಮ ವಿಷಯವಲ್ಲ. ತಿಂಗಳಿಗೊಂದು ಭಾನುವಾರ ಸೇರುವುದು, ಕೈಕೆಲಸ ಕಡಿಮೆಯಾಗುವಂಥ ಉಪಾಯ ಹುಡುಕುವುದು, ಸಿಕ್ಕಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುವುದು. ಈಗ ಅದಕ್ಕೆ ಸ್ವಯಂಚಾಲನೆ ಎಂದು ಗಂಭೀರವಾದ ಹೆಸರಿದೆ, ಅದನ್ನು ಓದಿ ಕೆಲಸಕ್ಕೆ ಸೇರುವವರಿದ್ದಾರೆ. ನಾವು ಅದನ್ನು ಸೋಮಾರಿ ವಿದ್ಯೆ ಎನ್ನುತ್ತಿದ್ದೆವು.

ಮೊದಲ ಸಭೆ ಒಂದು ಶಾಲೆಯ ಕೋಣೆಯಲ್ಲಿ ನಡೆಯಿತು. ಅಲ್ಲಿ ಅದೇ ಕೊನೆಯದೂ ಆಯಿತು. ಕಾಲೇಜಿನವರೊಬ್ಬರು ಅನಿಲ ತಯಾರಿಸುವ ಹೊಸ ವಿಧಾನ ತೋರಿಸುತ್ತೇನೆಂದು ಹೊರಟು ಕೊಳೆತ ಮೊಟ್ಟೆಯ ನಾತ ಎಬ್ಬಿಸಿದರು. ಅದು ಸೋಮವಾರ ಮಕ್ಕಳು ಪ್ರಾರ್ಥನೆ ಮುಗಿಸಿ ಒಳಗೆ ಬರುವವರೆಗೂ ಅಲ್ಲೇ ಇತ್ತಂತೆ. ಹೆಡ್ಮಾಸ್ಟರು ಕೈಮುಗಿದು ಬೇರೆ ಕಡೆ ನೋಡಿಕೊಳ್ಳಿ ಎಂದರು. ಮಂಡ್ಯದವರಿಗೂ ಮಳವಳ್ಳಿಯವರಿಗೂ ಮದ್ದೂರು ನಡುಮಧ್ಯ. ಮದ್ದೂರಿನಲ್ಲಿ ಮನೆಯಿದ್ದವಳು ನಾನೊಬ್ಬಳೇ. ನಮ್ಮ ಜಗುಲಿಯ ಮೇಲೆ ಹದಿಮೂರು ಜನ ಮೊಣಕಾಲು ತಾಗಿಸಿಕೊಂಡು ಕೂರಬಹುದಿತ್ತು.

“ಜಗ್ಲಿ ಯಾರ್ದೋ ಅವ್ರೇ ಅಧ್ಯಕ್ಷರು ಕಣ್ರಪ್ಪ, ಅದ್ರಲ್ಲೇನ್ ಯೋಚ್ನೆ” ಎಂದ ಸಕ್ಕರೆ ಕಾರ್ಖಾನೆಯವನು. ಎಲ್ಲರೂ ಕೈ ಎತ್ತಿದರು. ಇಪ್ಪತ್ತಮೂರು ವರ್ಷಕ್ಕೆ ನಾನು ಅಧ್ಯಕ್ಷೆ. ಅಮ್ಮ ಒಳಗಿನಿಂದ ಬಂದು, “ಅಧ್ಯಕ್ಷೆ ಆಗೋದೇನೋ ಸರಿ, ಇಷ್ಟು ಲೋಟ ತೊಳೆಯೋರು ಯಾರು?” ಎಂದು ಎಲ್ಲರೆದುರಿಗೇ ಕೇಳಿದರು. ಅಧ್ಯಕ್ಷೆಯಾಗಿ ನಾನು ಮಾಡಿದ ಮೊದಲ ಕೆಲಸ ಅದೇ.

ಈಗ ನಮ್ಮ ಲ್ಯಾಬಿನ ಯಜಮಾನರ ವಿಷಯಕ್ಕೆ ಬರುತ್ತೇನೆ. ಹುದ್ದೆಯಲ್ಲಿ ಅವರೂ ಸಹಾಯಕರೇ, ಆದರೆ ಹತ್ತೊಂಬತ್ತು ವರ್ಷದ ಅನುಭವ. ಹಾಗಾಗಿ ಎಲ್ಲರಿಗೂ ಅವರು ಯಜಮಾನರು. ಮಣ್ಣಿನಲ್ಲಿ ಸತ್ವ ಎಷ್ಟಿದೆ ಎಂದು ನೋಡುವುದಕ್ಕೆ, ಒಂದು ಚಿಟಿಕೆ ಮಣ್ಣನ್ನು ತೂಗಿ ಫ್ಲಾಸ್ಕಿಗೆ ಹಾಕಿ, ಕಿತ್ತಳೆ ಬಣ್ಣದ ಒಂದು ದ್ರಾವಣ ಬೆರೆಸಿ, ಅದಕ್ಕೆ ಅಳತೆಯಿಟ್ಟು ಗಂಧಕಾಮ್ಲ ಸುರಿಯಬೇಕು. ಅರ್ಧ ಗಂಟೆ ಬಿಟ್ಟರೆ ಸತ್ವವಿರುವ ಮಣ್ಣು ಹಸಿರಿಗೆ ತಿರುಗುತ್ತದೆ, ಬಡ ಮಣ್ಣು ಕಿತ್ತಳೆಯಾಗಿಯೇ ಉಳಿಯುತ್ತದೆ. ದಿನಕ್ಕೆ ತೊಂಬತ್ತು ಫ್ಲಾಸ್ಕು. ಸುರಿಯುವುದು ಯಜಮಾನರ ಕೆಲಸ, ಬಣ್ಣ ಓದಿ ಬರೆಯುವುದು ನನ್ನದು. ಆಮ್ಲ ಒಂದಿಷ್ಟು ಹೆಚ್ಚುಕಡಿಮೆಯಾದರೂ ಬಣ್ಣ ಸುಳ್ಳು ಹೇಳುತ್ತದೆ.

ನಾನು ಸೇರಿದ ಕೆಲವು ತಿಂಗಳಿಗೇ ಯಜಮಾನರ ಪ್ಯಾಂಟು ಜರಡಿಯಾಗತೊಡಗಿತು. ಮೊದಲು ಎರಡು ತೂತು, ವಾರದೊಳಗೆ ಐದು. ಮನೆಯಲ್ಲಿ ಇಲಿ ಕಾಟ ಎಂದರು. ಇಲಿಗಳು ತೊಡೆಯ ಭಾಗವನ್ನೇ ಹುಡುಕಿ ಕಡಿಯುವುದು ನನಗೆ ಸೋಜಿಗವಾಯಿತು. ಒಂದು ದಿನ ಕಿಟಕಿಯ ಕಡೆಯಿಂದ ನೋಡಿದೆ. ಅಳತೆಗೊಳವೆ ಹಿಡಿದ ಅವರ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡರೆ ಎರಡೂ ಕೂಡಿ ನಡುಗುತ್ತಿದ್ದವು.

ಕೈ ನಡುಗುವವರನ್ನು ವೈದ್ಯರ ಮುಂದೆ ನಿಲ್ಲಿಸಿ ಮನೆಗೆ ಕಳಿಸಿಬಿಡುವ ನಿಯಮವಿತ್ತು. ಅವರ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಭಾನುವಾರ ಕೂಡ ಲ್ಯಾಬಿಗೆ ಬಂದು ತ್ರಾಸು ಒರೆಸಿ ಹೋಗುವ ಮನುಷ್ಯ. ಅವರನ್ನು ಮನೆಯಲ್ಲಿ ಕೂರಿಸಿದರೆ ಒರೆಸುವುದಕ್ಕೆ ಏನಿರುತ್ತದೆ? ಆದ್ದರಿಂದ ಒಂದು ಕಳ್ಳತನ ಶುರುಮಾಡಿದೆ. ಅವರು ನಾಲ್ಕೂವರೆಯ ಬಸ್ಸಿಗೆ ಹೊರಟ ಮೇಲೆ, ಅವರು ಸುರಿದದ್ದನ್ನೆಲ್ಲ ಚೆಲ್ಲಿ, ಮಣ್ಣು ಹೊಸದಾಗಿ ತೂಗಿ, ನಾನೇ ಆಮ್ಲ ಸುರಿದು ಬಣ್ಣ ಓದುತ್ತಿದ್ದೆ. ಅವರಿಗೆ ಗೊತ್ತಾಗಬಾರದೆಂದು ಫ್ಲಾಸ್ಕುಗಳನ್ನು ಅವರಿಟ್ಟ ಸಾಲಿನಲ್ಲೇ ಇಡುತ್ತಿದ್ದೆ. ಇದು ಒಂದು ವರ್ಷ ನಡೆಯಿತು. ರಾತ್ರಿ ಮನೆಗೆ ತಲುಪುವ ಹೊತ್ತಿಗೆ, ತಡವಾಯಿತೆಂದು ಅಮ್ಮನ ಮುಖ ಊದಿಕೊಂಡಿರುತ್ತಿತ್ತು.

ಕೊನೆಗೆ ಅಧ್ಯಕ್ಷೆಯೆಂಬ ಅಧಿಕಾರವನ್ನು ಮೊದಲ ಸಲ ಬಳಸಿದೆ. ಸಂಘದಲ್ಲಿ ಇಬ್ಬರಿಗೆ ಮಾತ್ರ ನಿಜ ಹೇಳಿದೆ. ಒಬ್ಬ ಆ ಸಕ್ಕರೆ ಕಾರ್ಖಾನೆಯವನು. ಗಾಜು ಕೊಯ್ಯುವುದರಲ್ಲಿ, ಬಗ್ಗಿಸುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಇನ್ನೂ ಎತ್ತಿದ ಕೈ. ಇನ್ನೊಬ್ಬರು ಮಳವಳ್ಳಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರು. ಯಾವುದನ್ನೂ ನಂಬದ ಸ್ವಭಾವ. ರೋಗಿ ಸತ್ತಿಲ್ಲ ಎಂದರೂ ಎರಡು ಸಲ ಪರೀಕ್ಷಿಸುವವರು.

“ಕೈ ನಡುಗಿದ್ರೆ ಏನಂತೆ, ಕಾಲ್ ನಡುಗ್ತದಾ?” ಎಂದ ಸಕ್ಕರೆಯವನು.

ಆ ಒಂದು ಪ್ರಶ್ನೆಯಿಂದ ಯಂತ್ರ ಹುಟ್ಟಿತು. ಉದ್ದನೆಯ ಗಾಜಿನ ತೊಟ್ಟಿಯಲ್ಲಿ ಆಮ್ಲ. ಅದರ ಮೇಲೆ ಒಂದು ಅಡ್ಡಪಟ್ಟಿ, ಅದಕ್ಕೆ ಹನ್ನೆರಡು ಪುಟ್ಟ ಗಾಜಿನ ಬಟ್ಟಲು. ಪಟ್ಟಿ ಇಳಿದರೆ ಬಟ್ಟಲುಗಳು ಮುಳುಗಿ ತುಂಬುತ್ತವೆ. ಎದ್ದರೆ ಅಳತೆಗಿಂತ ಹೆಚ್ಚಾದದ್ದು ಪಕ್ಕದ ಸಣ್ಣ ತೂತಿನಿಂದ ತೊಟ್ಟಿಗೇ ಹರಿದುಹೋಗುತ್ತದೆ. ಇನ್ನೊಂದು ಸಲ ಒತ್ತಿದರೆ ಹನ್ನೆರಡೂ ಒಟ್ಟಿಗೆ ಬಾಗಿ ಮುಂದಿನ ಹನ್ನೆರಡು ಫ್ಲಾಸ್ಕಿಗೆ ಸುರಿಯುತ್ತವೆ. ಒತ್ತುವುದು ಕಾಲಿನಿಂದ. ಅದಕ್ಕೆ ಬೇಕಾದ ಪೆಡಲು ಎಲ್ಲಿ ಸಿಗುತ್ತದೆಂದು ತಲೆ ಕೆಡಿಸಿಕೊಂಡಿದ್ದಾಗ ಒಳಗಿನಿಂದ ಅಮ್ಮ ಹೊಲಿಯುವ ಸದ್ದು ಕೇಳಿಸಿತು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಮುಂದಿನ ಭಾನುವಾರ ಅಮ್ಮ ದೇವಸ್ಥಾನದಿಂದ ಬಂದಾಗ ಹೊಲಿಗೆ ಯಂತ್ರದ ತಲೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿತ್ತು. ಕಾಲು ಜಗುಲಿಯ ಮೇಲಿತ್ತು.

“ಏನೇ ಇದು, ಯಾರನ್ನ ಕೇಳಿ ಬಿಚ್ಚಿದ್ರಿ?” ಎಂದರು. ನಾನು ಯಜಮಾನರ ಕೈಯ ವಿಷಯ ಹೇಳಿಬಿಟ್ಟೆ. ಅಮ್ಮ ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತು, ನಮ್ಮ ಪೆಡಲನ್ನು ಒಮ್ಮೆ ಒತ್ತಿ, “ಇಷ್ಟು ಬಿಗಿ ಇದ್ರೆ ಆ ವಯಸ್ಸಿನೋರು ಒತ್ತೋಕಾಗುತ್ತಾ? ಎಣ್ಣೆ ತಗೊಂಡು ಬಾ” ಎಂದರು. ಅಲ್ಲಿಂದ ಮುಂದೆ ಸಂಘದ ನಿಜವಾದ ನಾಯಕಿ ಯಾರೆಂಬ ಅನುಮಾನ ಯಾರಿಗೂ ಉಳಿಯಲಿಲ್ಲ.

ಯಜಮಾನರಿಗೆ ನಾವು ಹೇಳಿದ್ದು ಬೇರೆ. ಸಂಘದವರು ಸೋಮಾರಿಗಳಿಗಾಗಿ ಒಂದು ಯಂತ್ರ ಮಾಡಿದ್ದಾರೆ, ಅನುಭವಸ್ಥರೊಬ್ಬರು ಪರೀಕ್ಷಿಸಬೇಕು ಎಂದೆವು. ಅವರು ಒಗೆದ ಅಂಗಿ ಹಾಕಿಕೊಂಡು ಮದ್ದೂರಿಗೆ ಬಂದರು. ತೊಟ್ಟಿಗೆ ಕುಂಕುಮ ಕದಡಿದ ನೀರು ತುಂಬಿದ್ದೆವು. ಮೊದಲ ಸಲ ಜೋರಾಗಿ ಒತ್ತಿದರು. ಹನ್ನೆರಡು ಬಟ್ಟಲ ಕುಂಕುಮದ ನೀರು ಎದುರಿಗೆ ಬಗ್ಗಿ ನೋಡುತ್ತಿದ್ದ ಆಸ್ಪತ್ರೆಯವರ ಬಿಳಿ ಅಂಗಿಯ ಮೇಲೆ ಬಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, ಏನಾಯಿತು ಎಂದು ಗಾಬರಿಯಿಂದ ಕೇಳಿದರು. ರಕ್ತದ ಕೆಲಸದವರಾದ್ದರಿಂದ ಅವರು, “ಏನಿಲ್ಲ, ಇದು ನಮಗೆ ಮಾಮೂಲು” ಎಂದು ಒರೆಸಿಕೊಂಡರು. ಸಕ್ಕರೆಯವನು ನಕ್ಕು ನಕ್ಕು ಜಗುಲಿಯಿಂದ ಕೆಳಗಿಳಿದು ಕೂತ.

“ರೇಷ್ಮೆ ಸೀರೆ ಅಂಚು ಹೊಲಿಯೋ ಹಾಗೆ, ಮೆತ್ತಗೆ” ಎಂದು ಅಮ್ಮ ಕಲಿಸಿದರು. ಸಂಜೆಯ ಹೊತ್ತಿಗೆ ಯಜಮಾನರು ಒಂದು ತೊಟ್ಟೂ ಹೊರಗೆ ಬೀಳದಂತೆ ಸುರಿಯುತ್ತಿದ್ದರು. ಅವರ ಮುಖದಲ್ಲಿ ಒಂದು ಕಳೆ ಬಂದಿತ್ತು. ನನಗಂತೂ ಆ ರಾತ್ರಿ ಊಟ ಸೇರದಷ್ಟು ಖುಷಿ.

ಯಂತ್ರವನ್ನು ಲ್ಯಾಬಿಗೆ ಸಾಗಿಸಿ ಒಂದು ತಿಂಗಳು ಬಳಸಿದೆವು. ಪ್ಯಾಂಟಿಗೆ ಹೊಸ ತೂತು ಬೀಳಲಿಲ್ಲ. ನಾನು ಐದು ಗಂಟೆಗೆ ಮನೆಗೆ ಹೊರಡತೊಡಗಿದೆ. ಆಗ ಬೆಂಗಳೂರಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಹೊಲಿಗೆ ಯಂತ್ರದ ಕಾಲನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಳವಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಮುಂದಿನ ವಾರ ರೈತರ ಶಿಬಿರವಿದೆ, ಅಲ್ಲಿ ತಮ್ಮೆದುರಿಗೆ ಇದನ್ನು ನಡೆಸಿ ತೋರಿಸಿ, ಸರಿಯಿದ್ದರೆ ಇರಲಿ, ಇಲ್ಲದಿದ್ದರೆ ಬಿಚ್ಚಿಟ್ಟು ಎಲ್ಲರೂ ಮೊದಲಿನ ಹಾಗೆ ಕೈಯಲ್ಲೇ ಸುರಿಯಿರಿ ಎಂದರು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ತಲೆಯಾಡಿಸಿದರು.

ಇಲಾಖೆಯ ಜೀಪಿನಲ್ಲಿ ಅಧಿಕಾರಿಗೆ ಮತ್ತು ಆಮ್ಲದ ಜಾಡಿಗೆ ಮಾತ್ರ ಜಾಗವಿತ್ತು. ನಾವು ಬಸ್ಸು ಹತ್ತಿದೆವು, ಯಂತ್ರ ಬಸ್ಸಿನ ತಲೆಯ ಮೇಲೆ ಹತ್ತಿತು. ಸಕ್ಕರೆಯವನೂ ಆಸ್ಪತ್ರೆಯವರೂ ರಜೆ ಹಾಕಿ ಬಂದಿದ್ದರು. ಹಳ್ಳಿಯಲ್ಲಿ ಇಳಿಸಿದ್ದೇ ತಡ, ಟೈಲರು ಬಂದರೆಂದು ಸುದ್ದಿ ಹಬ್ಬಿ ಮೂವರು ಹೆಂಗಸರು ರವಿಕೆ ಬಟ್ಟೆ ಹಿಡಿದುಕೊಂಡು ಬಂದರು. ಇದು ಮಣ್ಣು ಹೊಲಿಯುವ ಯಂತ್ರ ಎಂದು ಸಕ್ಕರೆಯವನು ಅವರಿಗೆ ಬಹಳ ಹೊತ್ತು ವಿವರಿಸಿದ. ಅವರು ನಂಬಿದ ಹಾಗೇ ಕಂಡಿತು.

ಶಾಲೆಯ ಜಗುಲಿಯಲ್ಲಿ ಎಲ್ಲ ಅಣಿಯಾಯಿತು. ಹನ್ನೊಂದು ಜನ ರೈತರು ತಂತಮ್ಮ ಹೊಲದ್ದೆಂದು ಮಣ್ಣನ್ನು ಟವೆಲಿನಲ್ಲಿ ಕಟ್ಟಿ ತಂದಿದ್ದರು. ಹನ್ನೊಂದು ಫ್ಲಾಸ್ಕಿಗೆ ಹನ್ನೊಂದು ಮಣ್ಣು, ಹನ್ನೆರಡನೆಯದಕ್ಕೆ ಹೋಲಿಸಿ ನೋಡಲೆಂದು ಮಣ್ಣಿಲ್ಲದ ಬರೀ ದ್ರಾವಣ. ಯಜಮಾನರು ಪೆಡಲು ಒತ್ತಿದರು. ಹನ್ನೆರಡು ಬಟ್ಟಲು ಒಟ್ಟಿಗೆ ಬಾಗಿದವು. ಊರವರು ಕತ್ತು ಚಾಚಿ ನೋಡಿದರು.

ಅರ್ಧ ಗಂಟೆ ಕಳೆಯಿತು. ಮಣ್ಣಿಲ್ಲದ ಫ್ಲಾಸ್ಕು ಕಿತ್ತಳೆಯಾಗಿಯೇ ಇತ್ತು. ಉಳಿದ ಹನ್ನೊಂದೂ ಹಸಿರು. ಹಸಿರೆಂದರೆ ಹನ್ನೊಂದೂ ಒಂದೇ ಹಸಿರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂಥ ಗಾಢ ಹಸಿರನ್ನು ನಾನು ಲ್ಯಾಬಿನಲ್ಲೂ ಕಂಡಿರಲಿಲ್ಲ.

“ಹನ್ನೊಂದು ಹೊಲ, ಒಂದೇ ಬಣ್ಣ. ಇದು ಆಗುವ ಮಾತಲ್ಲ” ಎಂದರು ಅಧಿಕಾರಿ. “ನಿಮ್ಮ ಯಂತ್ರ ಎಲ್ಲದಕ್ಕೂ ಅಳತೆ ಮೀರಿ ಸುರಿದಿದೆ.”

ಯಂತ್ರ ಸರಿಯಾಗಿದೆ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು, “ಇದರಲ್ಲಿ ಎರಡನ್ನು ಕೈಯಲ್ಲಿ ಸುರಿದು ತೋರಿಸಿ. ಬಣ್ಣ ಬೇರೆ ಬಂದರೆ ಯಂತ್ರದ ತಪ್ಪು” ಎಂದರು. ನಾನು ಮುಂದೆ ಹೋದೆ. ಅವರು ಕೈ ಅಡ್ಡ ಹಿಡಿದರು. “ನೀವಲ್ಲ. ಅನುಭವಸ್ಥರು ಸುರಿಯಲಿ.”

ಯಜಮಾನರು ಅಳತೆಗೊಳವೆ ತೆಗೆದುಕೊಂಡರು. ಬಲಗೈ ನಡುಗಿತು. ಎಡಗೈ ಹಿಡಿಯಿತು. ಎರಡೂ ನಡುಗಿದವು. ಗಾಜಿಗೆ ಗಾಜು ತಗುಲಿ ಕಿಣಿಕಿಣಿ ಎನ್ನುವುದು ಇಡೀ ಶಾಲೆಗೆ ಕೇಳಿಸಿತು. ಆಮ್ಲದ ಒಂದು ಹನಿ ಬೆಂಚಿನ ಮೇಲೆ ಬಿದ್ದು ಮರ ಕಪ್ಪಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಮಾಡಿದ್ದೆಲ್ಲ ಮುಳುಗಿತು ಎನ್ನಿಸಿತು.

“ನಿಲ್ಸಿ ಸ್ವಾಮಿ” ಎಂಬ ದನಿ ಕೇಳಿ ಕಣ್ಣು ಬಿಟ್ಟೆ. ರೈತರ ಗುಂಪಿನಿಂದ ಒಬ್ಬ ವಯಸ್ಸಾದ ಹೆಂಗಸು ಮುಂದೆ ಬಂದಿದ್ದಳು. “ಆವಯ್ಯನ ಕೈ ಅಂಗ್ ನಡುಗ್ತಾ ಅದೆ, ಯಾಕ್ ಗೋಳ್ ಉಯ್ಕತೀರಿ? ಮಿಸಿನ್ನು ಸುಳ್ ಏಳಿಲ್ಲ. ಸುಳ್ ಏಳಿರೋರು ನಾವು.”

ಅವಳ ಹಿಂದೆ ನಿಂತಿದ್ದ ಹತ್ತು ಗಂಡಸರೂ ನೆಲ ನೋಡತೊಡಗಿದರು.

“ಬೆಂಗ್ಳೂರಿಂದ ದೊಡ್ಡೋರು ಮಣ್ ನೋಡಕ್ ಬತ್ತಾರೆ ಅಂದ್ರು. ಬಡ ಮಣ್ ತೋರ್ಸಿ ಯಾಕ್ ಮಾನ ಕಳ್ಕಳದು ಅಂತವ ಇವ್ರೆಲ್ಲ ನನ್ ಒಲದ್ ಮಣ್ಣೇ ಎತ್ಕಬಂದವ್ರೆ. ನನ್ ತವರು ಕೊಕ್ಕರೆ ಬೆಳ್ಳೂರು. ನಮ್ಮಣ್ಣ ವರ್ಸವರ್ಸ ಅಲ್ಲಿ ಮರದ್ ಕೆಳ್ಗೆ ಬೀಳೋ ಕೊಕ್ಕರೆ ಇಕ್ಕೆ ಗೊಬ್ರ ಗಾಡೀಲಿ ತಂದಾಕ್ತಾನೆ. ಈ ಊರಲ್ಲಿ ನನ್ ಒಲದಂಗೆ ಇನ್ನೊಂದಿಲ್ಲ.”

ಹೆಣ್ಣು ನೋಡಲು ಬರುವವರ ಮುಂದೆ ಪಕ್ಕದ ಮನೆಯ ಸರ ಇಸಿದುಕೊಂಡು ಹಾಕಿಕೊಳ್ಳುವ ಹಾಗೆ, ಇಡೀ ಊರು ಒಬ್ಬಳ ಹೊಲದ ಮಣ್ಣನ್ನು ಇಸಿದುಕೊಂಡಿತ್ತು. ಸಕ್ಕರೆಯವನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದೇ ಆಸ್ಪತ್ರೆಯವರೂ ನಕ್ಕರು. ರೈತರಲ್ಲೊಬ್ಬ, “ಒಂದ್ ಗಳಿಗೆ ತಾಳಿ ಸಾರ್, ನಮ್ದೇ ತತ್ತೀವಿ” ಎಂದು ಟವೆಲು ಕೊಡವಿ ಓಡಿದ. ಅವನ ಹಿಂದೆ ಒಂಬತ್ತು ಜನ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಒಬ್ಬ ಬೇಲಿ ಹಾರಿದ, ಇನ್ನೊಬ್ಬ ಸೈಕಲ್ಲಿನಲ್ಲಿ ಇನ್ನೊಬ್ಬನನ್ನು ಕೂರಿಸಿಕೊಂಡು ಕಾಲುವೆಯ ಏರಿ ಹಿಡಿದ. ರವಿಕೆ ಬಟ್ಟೆಯ ಹೆಂಗಸರು ಜಗುಲಿಯಿಂದ ಇಳಿದು, ಯಾರ ಮನೆಯವನು ಮೊದಲು ಬರುತ್ತಾನೆಂದು ಕೂಗಿ ಹುರಿದುಂಬಿಸತೊಡಗಿದರು. ಅಧಿಕಾರಿ ಬೆಂಚಿನ ಮೇಲೆ ಕೂತು ಮಜ್ಜಿಗೆ ಕುಡಿದರು. ಅವರ ಮೀಸೆ ಅಲ್ಲಾಡುತ್ತಿದ್ದುದು ಮಜ್ಜಿಗೆಯಿಂದಲೋ ನಗುವಿನಿಂದಲೋ ಹೇಳುವುದು ಕಷ್ಟ.

ಎಲ್ಲರೂ ಏದುಸಿರು ಬಿಡುತ್ತ ಬಂದರು. ಮಣ್ಣು ತೂಗಿದೆ. ಯಜಮಾನರು ಸ್ಟೂಲಿನ ಮೇಲೆ ಕೂತು ಪೆಡಲು ಒತ್ತಿದರು, ರೇಷ್ಮೆಯ ಅಂಚು ಹೊಲಿದಷ್ಟು ಮೆತ್ತಗೆ. ಅರ್ಧ ಗಂಟೆಯಲ್ಲಿ ಬೆಂಚಿನ ಮೇಲೆ ಕಿತ್ತಳೆಯಿಂದ ಹಿಡಿದು ಕಡು ಹಸಿರಿನವರೆಗೆ ಹನ್ನೊಂದು ಬಣ್ಣ ನಿಂತವು. ಹೆಂಗಸಿನದು ಮೊದಲಿನಷ್ಟೇ ಗಾಢ. ಅಧಿಕಾರಿ ಅದರಲ್ಲಿ ಎರಡು ಮಣ್ಣನ್ನು ತಾವೇ ಕೈಯಲ್ಲಿ ಸುರಿದು ನೋಡಿದರು. ಯಂತ್ರದ್ದಕ್ಕೂ ಅವರದ್ದಕ್ಕೂ ಕೂದಲಷ್ಟೂ ವ್ಯತ್ಯಾಸ ಬರಲಿಲ್ಲ.

ನಾವು ಕುಣಿಯುವುದೊಂದು ಬಾಕಿ. ಆಗ ಅವರು ಯಜಮಾನರ ಕಡೆ ತಿರುಗಿದರು.

“ಕೈ ಯಾವಾಗಿನಿಂದ ಹೀಗೆ?”

“ಒಂದ್ ವರ್ಸದ್ ಮೇಲಾಯ್ತು ಸಾರ್.”

“ಯಂತ್ರ ಬಂದು ಒಂದು ತಿಂಗಳು. ಅದಕ್ಕೆ ಮುಂಚೆ ನೀವು ಕೈಯಲ್ಲಿ ಸುರಿದು ರೈತರಿಗೆ ಕೊಟ್ಟ ಫಲಿತಾಂಶಗಳ ಗತಿ ಏನು?”

ಪ್ರಶ್ನೆ ನ್ಯಾಯವಾದದ್ದು. ಹೇಳಬೇಕಾದವಳು ನಾನು. ಹೇಳಿದರೆ ಇಷ್ಟು ದಿನ ಅವರ ಕೆಲಸವನ್ನು ಅವರಿಗೆ ತಿಳಿಯದ ಹಾಗೆ ಚೆಲ್ಲಿದ್ದೆ ಎಂದು ಊರೆದುರಿಗೆ ಒಪ್ಪಿಕೊಂಡ ಹಾಗಾಗುತ್ತಿತ್ತು. ಹೇಳದಿದ್ದರೆ ಅವರು ನಾಳೆಯೇ ಮನೆಗೆ.

“ಅವೆಲ್ಲ ಸರಿಯಾಗವೆ ಸಾರ್” ಎಂದರು ಯಜಮಾನರು. “ಕೈ ಕೆಟ್ಟ ಮೇಲೆ ನಾನ್ ಸುರಿದಿದ್ದು ಒಂದೂ ಲೆಕ್ಕಕ್ ಬಂದಿಲ್ಲ. ನಾನು ಬಸ್ಸಿಗ್ ಓದ್ ಮೇಲೆ ಈ ಮಗು ಎಲ್ಲಾನೂ ಚೆಲ್ಲಿ, ಇನ್ನೊಂದ್ ಸಲ ಮಾಡದು. ನಂಗ್ ಗೊತ್ತಿಲ್ಲ ಅನ್ಕಂಡಿತ್ತು. ಅದಕ್ಕೆ ಬೇಜಾರಾದೀತು ಅಂತವ ನಾನೂ ದಿನಾ ತೊಂಬತ್ ಸುರಿದು ಓಯ್ತಿದ್ದೆ.”

ಹೇಳಿ ನನ್ನ ಕಡೆ ನೋಡಿದರು. ನಾನು ಫ್ಲಾಸ್ಕುಗಳ ಸಾಲನ್ನು ಸರಿಮಾಡುವವಳಂತೆ ಬಗ್ಗಿದೆ.

ಅಧಿಕಾರಿ ತಮ್ಮ ಪುಸ್ತಕ ತೆರೆದು ಬಹಳ ಹೊತ್ತು ಬರೆದರು. ಆಮೇಲೆ, ಇಂಥ ಇನ್ನೆರಡು ಯಂತ್ರ ಬೇರೆ ಲ್ಯಾಬುಗಳಿಗೆ ಬೇಕು, ನಡೆಸುವುದನ್ನು ಯಜಮಾನರೇ ಹೋಗಿ ಕಲಿಸಲಿ, ಕೈಯಿಂದ ಸುರಿಯುವ ಕೆಲಸ ಇನ್ನು ಅವರಿಗೆ ಬೇಡ ಎಂದರು. ಸಕ್ಕರೆಯವನು ಇನ್ನೆರಡು ಹೊಲಿಗೆ ಯಂತ್ರದ ಕಾಲು ಎಲ್ಲಿಂದ ಕದಿಯುವುದೆಂದು ಆಗಲೇ ನನ್ನ ಕಿವಿಯಲ್ಲಿ ಕೇಳಲು ಶುರುಮಾಡಿದ. ನಾನು ಅವನಿಗೆ ಉತ್ತರ ಕೊಡದೆ ಶಾಲೆಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ಚೆನ್ನಾಗಿ ಅತ್ತು, ಮುಖ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಜಗುಲಿಯ ಮುಂದೆ ಇನ್ನೂ ಇಪ್ಪತ್ತು ಜನ ಮಣ್ಣು ಹಿಡಿದು ಸಾಲು ನಿಂತಿದ್ದರು.

“ಎಲ್ಲಿಗ್ ಓಗಿದ್ದೆ ಕಣಮ್ಮ, ಬಾ ಬಿರ್ನೆ” ಎಂದರು ಯಜಮಾನರು. “ನೀನ್ ತೂಗು, ನಾನ್ ಸುರೀತೀನಿ.”